ಜಾಂಬಳವಾಡಿ ವಸ್ತಿ, ವ್ಹಾಯಾ ಖಾನಾಪುರ

ಮೂವತ್ತೊಂದು ವರ್ಷ ಬೆಳಗಾವಿಯ ಡಿಪೋದಲ್ಲಿ ನಾನು ಬಸ್ಸು ತೊಳೆದೆ. ಕೆಸರು, ಧೂಳು, ಎಲೆಯಡಿಕೆಯ ಉಗುಳು, ಘಾಟಿನ ತಿರುವಿನಲ್ಲಿ ಮಕ್ಕಳು ಕಕ್ಕಿದ್ದು, ಇವು ದಿನದ ಕೆಲಸ. ವರ್ಷಕ್ಕೆ ಒಂದೆರಡು ಸಲ ಗಡಿಯ ಮಾತು ಏಳುತ್ತಿತ್ತು. ಆಗ ಗಾಡಿಗಳು ಮುಖಕ್ಕೆ ಮಸಿ ಬಳಿಸಿಕೊಂಡು ಬರುತ್ತಿದ್ದವು. ಆ ಕಡೆ ಹೋಗಿ ಬಂದ ನಮ್ಮ ಗಾಡಿಗೆ ಅವರ ಭಾಷೆಯ ಬೈಗುಳ, ಈ ಕಡೆ ಬಂದ ಅವರ ಗಾಡಿಗೆ ನಮ್ಮ ಭಾಷೆಯ ಬೈಗುಳ. ನನ್ನ ಕೈಗೆ ಎರಡೂ ಒಂದೇ. ಡಾಂಬರಾದರೆ ಸೀಮೆಎಣ್ಣೆ ಸವರಿ ಕಟ್ಟಿಗೆಯ ಹೊಟ್ಟಿನಿಂದ ತಿಕ್ಕಬೇಕು. ಪೇಂಟಾದರೆ ಒಣಗುವ ಮೊದಲೇ ಹಿಡಿಯಬೇಕು. ಯಾವ ವರ್ಷ ಯಾರು ಮುಖ್ಯಮಂತ್ರಿ ಎಂದು ಕೇಳಿದರೆ ತಡವರಿಸುತ್ತೇನೆ. ಯಾವ ವರ್ಷ ಡಾಂಬರು, ಯಾವ ವರ್ಷ ಪೇಂಟು ಎಂದು ಕೇಳಿದರೆ ನಿಂತಲ್ಲೇ ಹೇಳುತ್ತೇನೆ. ಪೇಂಟು ಬಂತೆಂದರೆ ಯಾರೋ ಹಿಂದಿನ ದಿನವೇ ಅಂಗಡಿಗೆ ಹೋಗಿ ಡಬ್ಬಿ ತಂದಿಟ್ಟಿದ್ದಾರೆ ಎಂದು ಅರ್ಥ. ಸಗಣಿ ಬಂದರೆ ಆ ಸಿಟ್ಟು ದಾರಿಯಲ್ಲೇ ಹುಟ್ಟಿದ್ದು. ಅದು ಒಂದು ಬಕೆಟ್ ನೀರಿಗೆ ಹೋಗುತ್ತಿತ್ತು.

ಆ ಗಾಡಿಗಳಲ್ಲಿ ಒಂದನ್ನು ನಾನು ಉಳಿದವಕ್ಕಿಂತ ಹೆಚ್ಚು ಹೊತ್ತು ತೊಳೆಯುತ್ತಿದ್ದೆ. ಖಾನಾಪುರದಾಚೆ ಕಾಡಿನಂಚಿನ ಜಾಂಬಳವಾಡಿಗೆ ಹೋಗುವ ವಸ್ತಿ ಗಾಡಿ ಅದು. ಸಂಜೆ ಬೆಳಗಾವಿ ಬಿಟ್ಟು ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟುತ್ತಿತ್ತು. ಡ್ರೈವರು ಕಂಡಕ್ಟರು ಅಲ್ಲೇ ಗುಡಿಯ ಕಟ್ಟೆಯ ಮೇಲೆ ಮಲಗಿ, ಬೆಳಿಗ್ಗೆ ಆರಕ್ಕೆ ಊರಿನವರನ್ನು ತುಂಬಿಕೊಂಡು ಮರಳುತ್ತಿದ್ದರು. ನಾನು ಹುಟ್ಟಿದ ಊರು ಅದು. ಎಮ್ಮೆ ಕಾಯುವ ಮನೆತನ ನಮ್ಮದು. ನನ್ನ ಅಕ್ಕ ಮಾಯಕ್ಕನನ್ನು ಅದೇ ಊರಿನಲ್ಲಿ, ಮೂರು ಮನೆ ಆಚೆಗೆ ಕೊಟ್ಟಿದ್ದರು. ಪ್ರತಿ ಸೋಮವಾರ ಅವಳು ಆ ಬಸ್ಸಿನಲ್ಲಿ ಮೊಸರಿನ ಗಡಿಗೆ, ಬೆಣ್ಣೆಯ ಡಬ್ಬಿ ಹಿಡಿದು ಪೇಟೆಗೆ ಬರುತ್ತಿದ್ದಳು. ಎಲ್ಲ ಮಾರಿದ ಮೇಲೆ ವಡಗಾವಿಯಲ್ಲಿರುವ ನನ್ನ ಮನೆಗೆ ಬಂದು, ಓಣಿಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತುಕೊಳ್ಳುತ್ತಿದ್ದಳು. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗಗಳು ನಡೆದೇ ಇರುತ್ತಿದ್ದವು.

“ಈ ಖಟಖಟದಾಗ ನಿನಗ ನಿದ್ದಿ ಹೆಂಗ ಬರತೈತೋ ತಮ್ಮಾ?” ಎಂದು ಪ್ರತಿ ಸೋಮವಾರ ಅದನ್ನೇ ಕೇಳುತ್ತಿದ್ದಳು. ನಾನು ಅದಕ್ಕೆ ಎಂದೂ ಉತ್ತರ ಕೊಡಲಿಲ್ಲ. ಚಹಾ ಕೊಡುತ್ತಿದ್ದೆ. ಸಂಜೆಯ ಬಸ್ಸಿಗೆ ಅವಳು ಹೊರಡುತ್ತಿದ್ದಳು.

ಹನ್ನೆರಡು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಊರಿನ ಹಳ್ಳದ ಸೇತುವೆ ಕೊಚ್ಚಿಹೋಗಿ ಬಸ್ಸು ನಿಂತಿತು. ಮೂರು ವರ್ಷಕ್ಕೆ ಸೇತುವೆ ಕಟ್ಟಿದರು, ಬಸ್ಸು ಮಾತ್ರ ಮರಳಲಿಲ್ಲ. ದೊಡ್ಡ ರಸ್ತೆಯಿಂದ ಊರಿಗೆ ಎಂಟು ಕಿಲೋಮೀಟರು. ನಾನು ನಡೆದೇ ಹೋಗಿ ಬರುತ್ತಿದ್ದೆ. ಆಮೇಲೆ ಅಕ್ಕ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮೋಟಾರ್ ಸೈಕಲ್ಲಿನ ಹಿಂದೆ ಕಾಲು ಎತ್ತಿ ಹಾಕಲಾರಳು, ಜೀಪಿನ ಕುಲುಕಾಟ ತಡೆಯಲಾರಳು. “ಬಸ್ಸಿನಾಗಾದ್ರ ಅಗಲ ಸೀಟ ಇರತೈತಿ, ಹಿಡಕೊಂಡ ಕುಂದರತೇನಿ” ಎನ್ನುತ್ತಿದ್ದಳು. ಹೋದ ದೀಪಾವಳಿಗೆ ನಾನು ಹೊರಟವನು ಎರಡು ಕಿಲೋಮೀಟರಿಗೇ ಮೊಣಕಾಲು ಹಿಡಿದುಕೊಂಡು ಒಂದು ಬಂಡೆಯ ಮೇಲೆ ಕುಳಿತುಬಿಟ್ಟೆ. ದನ ಹೊಡೆದುಕೊಂಡು ಬಂದವರು ಎಬ್ಬಿಸಿ ರಸ್ತೆಗೆ ತಂದು ಬಿಟ್ಟರು. ಮೋಟಾರ್ ಸೈಕಲ್ಲು, ಜೀಪು ಹತ್ತಲು ಆ ಮೊಣಕಾಲು ನನಗೂ ಬಿಡದು.

ಆ ಸಂಜೆ ಅಕ್ಕ ಫೋನು ಮಾಡಿದಳು. ಅವರ ಕೊಟ್ಟಿಗೆಯ ಹಿಂದೆ ಹಲಸಿನ ಮರದ ಬುಡದಲ್ಲಿ ನಿಂತರೆ ಮಾತ್ರ ಫೋನು ಹತ್ತುತ್ತದೆ. ಮಗ ಗಜಾನನ ಅವಳನ್ನು ಅಲ್ಲಿಗೆ ಕುರ್ಚಿ ಸಮೇತ ಹೊತ್ತು ತಂದಿರಬೇಕು.

“ನಿನಗಂತ ಕರ್ಚಿಕಾಯಿ ಮಾಡಿ ಇಟ್ಟಿದ್ನಿ” ಎಂದಳು. ಆಮೇಲೆ, “ಇನ್ನ ಮ್ಯಾಲೆ ನೀ ಬರಾಂಗಿಲ್ಲ, ನಾ ಬರಾಂಗಿಲ್ಲ. ನಡುವ ಬಸ್ಸೊಂದು ಬರಬೇಕಿತ್ತು, ಅದೂ ಬರಾಂಗಿಲ್ಲ. ಆತು ಬಿಡು.”

ಆತು ಬಿಡು ಎಂದು ಅವಳು ತನ್ನ ಗಂಡ ಸತ್ತಾಗಲೂ ಅಂದವಳಲ್ಲ.

ಗಜಾನನನ ಮಗಳು ಶೀತಲ ಮಹಾಂತೇಶ ನಗರದ ಒಂದು ಹಾಸ್ಟೆಲ್ಲಿನಲ್ಲಿದ್ದು ಕಾಲೇಜು ಓದುತ್ತಾಳೆ. ಬಸ್ಸಿಗಾಗಿ ಊರಿನವರ ಪರವಾಗಿ ನಾಲ್ಕು ಅರ್ಜಿ ಬರೆದವಳು ಅವಳೇ. ಉತ್ತರ ಒಂದಕ್ಕೆ ಬಂದಿತ್ತು. ಅದನ್ನು ಹಿಡಿದುಕೊಂಡು ನನ್ನ ಮನೆಗೆ ಬಂದಳು.

“ಅಜ್ಜಾ, ಜಾಂಬಳವಾಡಿಗೆ ಬಸ್ ಓಡಿದ್ದಕ್ಕ ಕಾಗದನ ಇಲ್ಲಂತ. ಈ ಆಫೀಸಿನವರು ಆ ಆಫೀಸಿಗೆ ಕಳಿಸೇವಿ ಅಂತಾರ, ಅವರು ನಮಗ ಬಂದಽ ಇಲ್ಲ ಅಂತಾರ. ಹೊಸಾ ಮಾರ್ಗ ಅಂತ ಕೇಳಿದ್ರ ಅರಣ್ಯದವರ ಒಪ್ಪಿಗಿ ಬೇಕು, ಅದು ಈ ಜನ್ಮಕ್ಕ ಬರಾಂಗಿಲ್ಲ. ಹಳೇ ಮಾರ್ಗ ಅಂತ ತೋರಿಸಿದ್ರ ಬೇಕಾಗಿಲ್ಲ.”

“ತೊಳದವ ನಾ ಅದೇನಲ್ಲ” ಎಂದೆ.

“ನೀ ಕಾಗದ ಏನ ಅಜ್ಜಾ?” ಎಂದು ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು.

ಆಗ ನನಗೆ ನೀರಿನ ಪೀಪಾಯಿಯ ಮೇಲೆ ಮುಚ್ಚಿದ್ದ ತಗಡು ನೆನಪಾಯಿತು.

ಹಿಂದೆ ಬಸ್ಸಿನ ಮುಂದೆ ಹಾಕುವ ಊರಿನ ಹೆಸರು ತಗಡಿನ ಬೋರ್ಡಿನಲ್ಲಿರುತ್ತಿತ್ತು. ಬರೆಯುತ್ತಿದ್ದವನು ಬುರಾನುದ್ದೀನ, ನನ್ನ ವಯಸ್ಸಿನವನೇ. ಖಾನಾಪುರದ ಕಡೆಯ ಬೋರ್ಡುಗಳಲ್ಲಿ ಆಗ ಎರಡು ಸಾಲು. ಮೇಲೆ ಕನ್ನಡ, ಕೆಳಗೆ ಮರಾಠಿ. ಒಂದು ವರ್ಷ ದೊಡ್ಡ ಗಲಾಟೆಯಾಯಿತು, ಡಾಂಬರಿನ ವರ್ಷ ಅದು. ಗಲಾಟೆ ತಣ್ಣಗಾಗುವ ಮೊದಲೇ ನಮ್ಮ ಸೂಪರವೈಜರು ಮೂವತ್ತಾರು ಬೋರ್ಡುಗಳನ್ನು ಗೋಡೆಗೆ ಒರಗಿಸಿ, “ಸಾತಪ್ಪಾ, ಎಲ್ಲಾದರದೂ ಕೆಳಗಿನ ಸಾಲು ಅಳಿಸಿಬಿಡು” ಎಂದರು. ಅಳಿಸಿದೆ. ಎರಡು ದಿನದ ಕೆಲಸ. ಕೆಳಗಿನ ಸಾಲು, ಕೆಳಗಿನ ಸಾಲು ಎಂದು ಕೈಗೆ ರೂಢಿ ಬಿದ್ದಿತ್ತು. ಓದುವ ಗೊಡವೆಗೆ ಹೋಗಲಿಲ್ಲ. ಮೂವತ್ತೈದು ಬೋರ್ಡು ಸರಿಯಾದವು. ಜಾಂಬಳವಾಡಿಯದರಲ್ಲಿ ಮಾತ್ರ ಬುರಾನುದ್ದೀನ ಮರಾಠಿಯನ್ನು ಮೇಲೆ ಬರೆದು ಕನ್ನಡವನ್ನು ಕೆಳಗೆ ಬರೆದಿದ್ದ. ನಾನು ಕನ್ನಡವನ್ನೇ ಅಳಿಸಿಬಿಟ್ಟಿದ್ದೆ. ಸೂಪರವೈಜರು ಹಣೆ ಹಣೆ ಬಡಿದುಕೊಂಡು ಅದನ್ನು ಗುಜರಿಗೆ ಎಸೆದರು. ಗುಜರಿಯಿಂದ ನಾನು ಮನೆಗೆ ತಂದೆ. ನಮ್ಮೂರ ಹೆಸರು ಗುಜರಿಯಲ್ಲಿ ಬಿದ್ದಿರುವುದು ಸರಿ ಕಾಣಲಿಲ್ಲ.

ಅಂದಿನಿಂದ ಅದು ಪೀಪಾಯಿಯ ಮುಚ್ಚಳ. ಒಣಗಿದ್ದಾಗ ಮೇಲಿನ ಸಾಲು ಮಾತ್ರ ಕಾಣುತ್ತದೆ. ನೀರು ಬಿದ್ದರೆ ಅಳಿಸಿದ ಸಾಲೂ ಮೆಲ್ಲಗೆ ಏಳುತ್ತದೆ. ಸೀಮೆಎಣ್ಣೆ ಮೇಲಿನ ಬಣ್ಣವನ್ನಷ್ಟೇ ತೆಗೆಯುತ್ತದೆ. ಅಕ್ಷರ ಇದ್ದ ಜಾಗದ ತಳದ ಬಣ್ಣ ಅಷ್ಟು ವರ್ಷ ಬಿಸಿಲು ಕಂಡಿರುವುದಿಲ್ಲ, ಹಾಗಾಗಿ ಒದ್ದೆಯಾದಾಗ ಅದು ಬೇರೆಯಾಗಿ ಕಾಣುತ್ತದೆ. ಬಸ್ಸು ತೊಳೆದವರಿಗೆ ಇದು ಗೊತ್ತು.

ತಗಡನ್ನು ಗೋಣಿಚೀಲದಲ್ಲಿ ಸುತ್ತಿ ಬುರಾನುದ್ದೀನನ ಮನೆಗೆ ಒಯ್ದೆ. ಅವನ ಕಣ್ಣಿಗೆ ಪೊರೆ ಬಂದಿದೆ. ಮಗಳು ಆಯೆಷಾ ಅವನನ್ನು ಬಿಸಿಲಿಗೆ ಕೂರಿಸಿದ್ದಳು. ತಗಡನ್ನು ತೊಡೆಯ ಮೇಲಿಟ್ಟಾಗ ಬೆರಳಿನಿಂದ ಸವರಿದ.

“ಅರೇ, ಇದು ನನ್ನ ಕೈ. ಎಷ್ಟ ಚಂದ ತಿಕ್ಕಿದ್ದಿ ಮಾರಾಯಾ, ತಿಕ್ಕೂದರಾಗ ನಿನ್ನ ಹಿಡಿಯೋರ ಇಲ್ಲ.”

“ನೀ ತಲಿಕೆಳಗ ಬರದಿ, ಬೈಸಿಕೊಂಡವ ನಾ.”

“ತಲಿಕೆಳಗ ಅಲ್ಲೋ. ನಿಮ್ಮಕ್ಕ ಹೇಳಿದ್ಲು. ಡಿಪೋಕ್ಕ ಬಂದು ನನಗ ಒಂದ ವಾಟಿ ಮೊಸರು ಕೊಟ್ಟು, ‘ಬುರಾನಣ್ಣಾ, ನಮ್ಮೂರ ಸಾಲಿ ಮರಾಠಿದು. ನಾ ಎರಡ ಇಯತ್ತಾ ಕಲತಾಕಿ. ನನಗ ಓದಾಕ ಬರೂದನ್ನ ಮ್ಯಾಲ ಬರಿ, ಗರ್ದಿಯಾಗ ಲಗೂನ ಕಾಣಬೇಕು’ ಅಂದ್ಲು. ಬರದ್ನಿ. ಸರಕಾರ ಏನ ಹಂಗ ಬರೀಬ್ಯಾಡ ಅಂದಿತ್ತ? ಆಗಿನ್ನೂ ಅಂದಿರಲಿಲ್ಲ.” ನಂತರ ತಲೆ ಎತ್ತಿ ನಾನಿರುವ ಕಡೆಗೆ ನೋಡಿದ. “ಮಾಯಕ್ಕ ಹೆಂಗದಾಳ?”

“ಬಸ್ ಬಂದ್ರ ಬರತಾಳ.”

“ಹಂಗಾದ್ರ ಬಲಕ್ಕ, ಕೆಳಗಿನ ಮೂಲ್ಯಾಗ ನೋಡು. ನಾ ಬರದಿದ್ದಕ್ಕೆಲ್ಲ ನನ್ನ ಅಕ್ಷರ ಒಂದು, ಇಸವಿ ಒಂದು ಹಾಕತಿದ್ನಿ.”

ಆಯೆಷಾ ಬಗ್ಗಿ ನೋಡಿದಳು. ಉಗುರಿನಷ್ಟು ಚಿಕ್ಕದಾಗಿ ಇತ್ತು: ಬು. ೮೩. ಶೀತಲಳಿಗೆ ಫೋನು ಮಾಡಿ ಹೇಳಿದರೆ ಆ ಹುಡುಗಿ ಆ ಕಡೆಯಿಂದ ಕಿರುಚಿಬಿಟ್ಟಳು. ಆ ಕಾಡು ಅಭಯಾರಣ್ಯವಾಗಿ ಕಾಯಿದೆ ಬಂದದ್ದು ಅದಕ್ಕಿಂತ ಬಹಳ ವರ್ಷ ಆಮೇಲಂತೆ, ಹಳೇ ಮಾರ್ಗವೆಂದು ತೋರಿಸಲು ಆ ಇಸವಿ ಸಾಕಂತೆ.

ಡಿಸೆಂಬರಿನಲ್ಲಿ ಸುವರ್ಣಸೌಧದಲ್ಲಿ ಅಧಿವೇಶನ ಕೂಡುತ್ತದೆ. ಹತ್ತು ದಿನ ಬೆಂಗಳೂರು ಇಲ್ಲಿಗೆ ಬಂದು ಕೂತಂತೆ. ಆ ಹತ್ತು ದಿನ ಎದುರಿನ ಬಯಲಿನಲ್ಲಿ ಟೆಂಟುಗಳು ಏಳುತ್ತವೆ. ಅಂಗನವಾಡಿಯವರು, ಕಬ್ಬಿನವರು, ಪಗಾರ ಸಾಲದವರು, ಮೀಸಲಾತಿ ಬೇಕಾದವರು. ಒಂದೊಂದು ಟೆಂಟಿಗೆ ಒಂದೊಂದು ನಂಬರು, ಒಂದು ದಿನದ ಪರವಾನಗಿ. ಜಾಂಬಳವಾಡಿಯಿಂದ ಹದಿನೆಂಟು ಜನ ಬಂದಿದ್ದರು. ಮನವಿ ತೆಗೆದುಕೊಳ್ಳಲು ಸಾರಿಗೆಯ ದೊಡ್ಡ ಅಧಿಕಾರಿ ಮೂರು ಗಂಟೆಗೆ ಬರುತ್ತಾರೆ ಎಂದು ಹೇಳಿ ಕಳಿಸಿದ್ದರು. ಬೋರ್ಡನ್ನು ಟೆಂಟಿನ ಕಂಬಕ್ಕೆ ಕಟ್ಟಿದೆವು.

ಕಟ್ಟಿ ಅರ್ಧ ತಾಸಾಗಿರಲಿಲ್ಲ. ಪಕ್ಕದ ಟೆಂಟಿನ ಸೋಮಲಿಂಗ ಬಂದ. ಕೆಂಪು ಹಳದಿ ಶಾಲು, ದೊಡ್ಡ ದನಿ, ಬೆಳಿಗ್ಗೆ ನಮಗೆಲ್ಲ ಅವಲಕ್ಕಿ ಹಂಚಿದ್ದ ಒಳ್ಳೆಯ ಮನುಷ್ಯ.

“ಏನ ಅಜ್ಜಾರ ಇದು? ಬರೇ ಮರಾಠಿ ಬೋರ್ಡ ಕಟ್ಟೀರಿ! ಸೌಧದ ಮುಂದ! ಮೊದಲ ಇಳಸ್ರಿ.”

“ಬಸ್ಸಿನ ಬೋರ್ಡ ರೀ ಅದು.”

“ಬಸ್ಸಿಂದಾರ ಇರವಲ್ದ್ಯಾಕ, ವಿಮಾನದ್ದಾರ ಇರವಲ್ದ್ಯಾಕ. ಟಿವಿಯವರು ಬಂದ್ರ ನಾ ಏನ ಹೇಳ್ಲಿ?”

ಅಷ್ಟರಲ್ಲಿ ಖಾನಾಪುರದ ಕಡೆಯ ಒಬ್ಬ ಪುಢಾರಿ ಬಂದರು, ತಲೆಗೆ ಭಗವಾ ಟೊಪ್ಪಿಗೆ. ನಮ್ಮೂರಿನ ಮತ ಕೇಳಲು ಐದು ವರ್ಷಕ್ಕೊಮ್ಮೆ ಎಂಟು ಕಿಲೋಮೀಟರು ನಡೆದು ಬರುವವರು, ಅದನ್ನು ಇಲ್ಲವೆನ್ನಲಾರೆ. ಅವರು ಬೋರ್ಡು ನೋಡಿ ಕೈ ಜೋಡಿಸಿದರು.

“ಇಳಸಬ್ಯಾಡ್ರಿ! ಇದು ಪುರಾವೆ. ಮೊದಲ ಈ ಭಾಗದಾಗ ಬರೇ ಮರಾಠಿ ಇತ್ತು ಅನ್ನೂದಕ್ಕ ಇದಕ್ಕಿಂತ ಹೆಚ್ಚಿಂದ ಏನ ಬೇಕು? ಅಜೋಬಾ, ಇದನ್ನ ನನಗ ಕೊಡ್ರಿ, ಇದನ್ನ ನಾ ದಿಲ್ಲಿತನಕ ಒಯ್ತೇನಿ.”

“ಬಸ್ಸು ದಿಲ್ಲಿಗೆ ಹೋಗತಿರಲಿಲ್ಲ ರೀ” ಎಂದೆ.

ಯಾರೋ ನಕ್ಕರು. ಅವರಿಬ್ಬರು ನಗಲಿಲ್ಲ. ಒಬ್ಬರಿಗೊಬ್ಬರು ನಿಮ್ಮ ಅಪ್ಪ, ನಿಮ್ಮ ಅಜ್ಜ ಎನ್ನಲು ಶುರು ಮಾಡಿದರು. ಮೊಬೈಲುಗಳು ಮೇಲೆದ್ದವು. ಆಚೆ ಟೆಂಟಿನಿಂದ ಜನ ಬಂತು. ಒಬ್ಬ ಪೊಲೀಸು ಓಡಿ ಬಂದು ಶೀತಲಳಿಗೆ, “ಏ ತಂಗೀ, ಇಲ್ಲಿ ಗದ್ದಲಾ ಆದ್ರ ಟೆಂಟ ಬಿಚ್ಚಸತೇನಿ, ಸಾಹೇಬ್ರು ಈ ಕಡೆ ಹಾಯೂದಽ ಇಲ್ಲ” ಎಂದ. ಅವಳು ಮನವಿಯ ಕಾಗದ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಬೋರ್ಡು ಇಳಿಸಿದರೆ ಪುರಾವೆ ಹೋಯಿತು. ಹಾಗೇ ಬಿಟ್ಟರೆ ಟೆಂಟೇ ಹೋಯಿತು. ನನಗೆ ಹಲಸಿನ ಮರದ ಬುಡದಲ್ಲಿ ಕುರ್ಚಿಯ ಮೇಲೆ ಕುಳಿತವಳು ಕಂಡಳು. ಆತು ಬಿಡು ಎಂದವಳು.

ಕುಡಿಯುವ ನೀರಿನ ತಂಬಿಗೆ ತೆಗೆದುಕೊಂಡೆ. ಹೆಗಲ ಮೇಲಿನ ವಸ್ತ್ರವನ್ನು ಅದರಲ್ಲಿ ಅದ್ದಿ, ಬೋರ್ಡನ್ನು ಎಡದಿಂದ ಬಲಕ್ಕೆ ಒಂದು ಸಲ ಒರೆಸಿದೆ. ಗಾಡಿ ತೊಳೆಯುವಾಗ ಗಾಜು ಒರೆಸುತ್ತಿದ್ದ ಹಾಗೆ.

ಕೆಳಗಿನ ಸಾಲು ಎದ್ದಿತು. ಜಾಂಬಳವಾಡಿ ವಸ್ತಿ, ವ್ಹಾಯಾ ಖಾನಾಪುರ. ಕನ್ನಡದಲ್ಲಿ. ಬುರಾನುದ್ದೀನನ ದುಂಡು ಅಕ್ಷರ.

ಸೋಮಲಿಂಗನ ಬಾಯಿ ಅರ್ಧಕ್ಕೆ ನಿಂತಿತು. ಟೊಪ್ಪಿಗೆಯವರು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು.

“ಇದನ್ನ ಯಾರೋ ಆಮ್ಯಾಲ ಬರದಿದ್ದು” ಎಂದರು.

“ಅಲ್ಲ, ನಿಮ್ಮವರ ಅಳಸಿದ್ದು” ಎಂದ ಸೋಮಲಿಂಗ.

ಹೀಗೆ ಅವರು ಮತ್ತೆ ಜಗಳಕ್ಕೆ ಹತ್ತಿದರು. ಆದರೆ ಅಷ್ಟರಲ್ಲಿ ಕೈ ಮಾಡುವ ಸಿಟ್ಟು ಇಳಿದಿತ್ತು. ಯಾವ ಇಸವಿ, ಯಾರ ಸರ್ಕಾರ ಎಂಬ ಜಗಳ ಆಯಿತು. ಅದು ಎಷ್ಟು ಹೊತ್ತಾದರೂ ನಡೆಯಬಹುದಾದ ಜಗಳ. ಪೊಲೀಸು ದೂರ ಸರಿದು ನಿಂತ.

ಆ ಬಯಲಿನಲ್ಲಿ ಗಾಳಿ ಬಹಳ. ಎರಡು ನಿಮಿಷಕ್ಕೆ ತಗಡು ಒಣಗಿತು, ಕೆಳಗಿನ ಸಾಲು ಮತ್ತೆ ಇಳಿಯಿತು. ಮತ್ತೆ ಒರೆಸಿದೆ. ಮತ್ತೆ ಒಣಗಿತು. ಮೂರು ಗಂಟೆ ದಾಟಿತು. ಅಧಿಕಾರಿ ಬರಲಿಲ್ಲ. ಶೀತಲ, “ಅಜ್ಜಾ, ಕುಂದರು, ನಾ ಒರಸತೇನಿ” ಎಂದಳು. ಒಂದು ಸಲ ಒರೆಸಿಯೂ ನೋಡಿದಳು, ಅವಳದು ಜೋರು ಕೈ, ನೀರೆಲ್ಲ ಕೆಳಗೆ. ಅದಕ್ಕೆ ಹಗುರ ಕೈ ಬೇಕು. ನಾನೇ ನಿಂತೆ. ನಮ್ಮ ಕ್ಯಾನಿನ ನೀರು ತೀರಿದಾಗ ಸೋಮಲಿಂಗ ಜಗಳವಾಡುತ್ತಲೇ ಹೋಗಿ ತನ್ನ ಟೆಂಟಿನ ಕ್ಯಾನು ಎತ್ತಿ ತಂದ. “ಆ ಮ್ಯಾಲಿನ ಸಾಲಿಗೇನ ನೀರ ಬ್ಯಾಡಲ್ಲ?” ಎಂದ. “ತಗಡಿಗೆ ಬೇಕಾಗತೈತಿ” ಎಂದೆ.

ನಾಲ್ಕೂಕಾಲಿಗೆ ಅಧಿಕಾರಿ ಬಂದರು. ಹೆಣ್ಣುಮಗಳು, ಮುಖದ ತುಂಬ ದಣಿವು. ಅದು ಅವರ ಹನ್ನೊಂದನೆಯ ಟೆಂಟಂತೆ. ಮನವಿಯನ್ನು ನಿಂತೇ ಓದಿ, ಬೋರ್ಡಿನ ಮುಂದೆ ಬಂದರು. ನಾನು ಒಮ್ಮೆ ಒರೆಸಿದೆ. ಎರಡೂ ಸಾಲು ಓದಿದರು, ಮೂಲೆಯ ಇಸವಿ ಓದಿದರು.

“ಇದನ್ನ ಯಾರು ಅಳಿಸಿದ್ದು?”

ಸೋಮಲಿಂಗ, ಟೊಪ್ಪಿಗೆಯವರು ಇಬ್ಬರೂ ಬಾಯಿ ತೆರೆದರು.

“ನಾನಽ ರೀ ಬಾಯೀರ” ಎಂದೆ. “ಕೆಳಗಿನ ಸಾಲು ಅಳಿಸು ಅಂದ್ರು. ಅಳಿಸಿದ್ನಿ. ಮ್ಯಾಲಿಂದ ಯಾವ್ದು, ಕೆಳಗಿಂದ ಯಾವ್ದು ನೋಡಲಿಲ್ಲ.”

ಅವರು ನನ್ನ ಕೈಯಲ್ಲಿದ್ದ ಒದ್ದೆ ವಸ್ತ್ರ ನೋಡಿದರು. “ಎಷ್ಟು ಹೊತ್ತಿನಿಂದ ಹೀಗೆ ಒರೆಸ್ತಾ ಇದ್ದೀರಿ?”

“ನೀವ ಬರತೀರಿ ಅಂದಾಗಿಂದ.”

ಮೊಬೈಲಿನಲ್ಲಿ ಎರಡು ಫೋಟೋ ತೆಗೆದುಕೊಂಡು ಹೋದರು. ಮರುದಿನ ಪೇಪರಿನಲ್ಲಿ ನಮ್ಮ ಬೋರ್ಡು ಬಂತು. ಒಂದು ಪೇಪರಿನಲ್ಲಿ ಒಣಗಿದ್ದಾಗಿನ ಫೋಟೋ, ಇನ್ನೊಂದರಲ್ಲಿ ಒದ್ದೆಯಾಗಿದ್ದಾಗಿನದು. ಶೀತಲ ಎರಡನ್ನೂ ಓದಿ ಹೇಳಿದಳು. ಬಸ್ಸಿನ ಸುದ್ದಿ ಎರಡರಲ್ಲೂ ಇರಲಿಲ್ಲ.

ಆದರೂ ಫೆಬ್ರುವರಿಯಲ್ಲಿ ಕಾಗದ ಬಂತು. ಹಳೆಯ ಮಾರ್ಗವೆಂದು ಒಪ್ಪಿದ್ದರು. ವಸ್ತಿ ಇಲ್ಲ. ಊರಿನ ತನಕವೂ ಇಲ್ಲ. ಹಳ್ಳದ ಸೇತುವೆ ದೊಡ್ಡ ಗಾಡಿಗೆ ತಾಳುವುದಿಲ್ಲವೆಂದು ಮೂರು ಕಿಲೋಮೀಟರು ಈಚೆಗೆ, ದಾರಿ ಕವಲೊಡೆಯುವ ಫಾಟಾದ ತನಕ. ಸೋಮವಾರ, ಶುಕ್ರವಾರ. ಹತ್ತೂವರೆಗೆ ಮುಟ್ಟುವುದು, ಇಪ್ಪತ್ತು ನಿಮಿಷ ನಿಂತು ಮರಳುವುದು. ಮಳೆಗಾಲದಲ್ಲಿ ಬಂದ್.

ಮೊದಲ ಸೋಮವಾರ ನಾನು ಬೋರ್ಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹತ್ತಿದೆ. ಹೊಸ ಗಾಡಿಯ ನೆತ್ತಿಯ ಮೇಲೆ ಕೆಂಪು ದೀಪದ ಅಕ್ಷರಗಳು ಓಡುತ್ತಿದ್ದವು. ಓದಲು ಹೋದರೆ ಅಷ್ಟರಲ್ಲಿ ಮುಂದಿನದು ಬರುತ್ತಿತ್ತು. ಖಾನಾಪುರ ದಾಟಿದ ಮೇಲೆ ಗಾಡಿಯಲ್ಲಿ ಉಳಿದವರು ಐದೇ ಜನ. ಕಿಟಕಿಯ ಗಾಜು ಕೊಳೆಯಾಗಿತ್ತು. ವಸ್ತ್ರದಿಂದ ಒರೆಸಿಕೊಂಡು ಕುಳಿತೆ.

ಫಾಟಾದಲ್ಲಿ ಅಕ್ಕ ಕುರ್ಚಿಯ ಮೇಲೆ ಕುಳಿತಿದ್ದಳು. ಕುರ್ಚಿಗೆ ಎರಡು ಬಿದಿರು ಕಟ್ಟಿ ಗಜಾನನ ಮತ್ತು ಇನ್ನೊಬ್ಬ ಹೊತ್ತು ತಂದಿದ್ದರು. ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಕಾಲ ಬಳಿ ಮೊಸರಿನ ಗಡಿಗೆ.

“ಎಷ್ಟ ಸಣ್ಣ ಆಗಿಯೋ” ಎಂದಳು ನನಗೆ.

ಗಜಾನನ ಅವಳನ್ನು ಎತ್ತಿ ಬಸ್ಸಿನೊಳಗೆ ಮುಂದಿನ ಸೀಟಿನಲ್ಲಿ ಕೂರಿಸಿದ. ನಾನು ಪಕ್ಕದಲ್ಲಿ ಕುಳಿತೆ. ಅವಳು ಸೀಟಿನ ಮೇಲೆ ಕೈಯಾಡಿಸಿ, ಮುಂದಿನ ಸರಳು ಹಿಡಿದು ನೋಡಿದಳು.

“ಬಾ ಅಕ್ಕಾ. ವಡಗಾವಿಗೆ ಹೋಗೂಣು.”

“ಮರಳಿ ಬರೂದ ಯಾವಾಗ?”

“ಶುಕ್ರವಾರ.”

“ನಾಕ ದಿನಾ ನಿನ್ನ ಮನ್ಯಾಗ ನನ್ನ ಹೊತ್ತ ಒಳಗ ಹೊರಗ ಮಾಡೋರ ಯಾರು? ನೀಯೇನ, ನಿನ್ನ ಮೊಣಕಾಲೇನ?” ಎಂದಳು. “ಸಂಜಿಗೆ ಮರಳೂ ಬಸ್ ಇದ್ರ ಬರತಿದ್ನಿ. ವಸ್ತಿ ಇಲ್ಲದ್ದು ಅದೆಂಥಾ ಬಸ್ಸೋ.”

ಕಂಡಕ್ಟರು ಕೆಳಗೆ ಬೀಡಿ ಸೇದುತ್ತಿದ್ದ. ಇಬ್ಬರೂ ಗಾಜಿನಾಚೆ ನೋಡುತ್ತ ಕುಳಿತೆವು, ಬಸ್ಸು ಓಡುತ್ತಿದೆಯೇನೋ ಎಂಬಂತೆ. ಅವಳು ಕರ್ಚಿಕಾಯಿಯ ಡಬ್ಬಿ ತೆಗೆದಳು. ದೀಪಾವಳಿಯದಲ್ಲ, ಹೊಸದಾಗಿ ಮಾಡಿದ್ದು. ತಿನ್ನುವಾಗ ಕೇಳಿದಳು, “ಮಗ್ಗ ಇನ್ನೂ ನಡೀತಾವೇನ?”

“ಕಡಿಮಿ ಆಗ್ಯಾವ.”

“ಹಂಗಾದ್ರ ನಿದ್ದಿ ಬರತಿರಬೇಕು ನಿನಗ.”

“ಇಲ್ಲ” ಎಂದೆ. ಇಷ್ಟು ವರ್ಷಕ್ಕೆ ಅವಳ ಆ ಮಾತಿಗೆ ನಾನು ಕೊಟ್ಟ ಉತ್ತರ ಅದೊಂದೇ.

ಇಪ್ಪತ್ತು ನಿಮಿಷವಾದ ಮೇಲೂ ಡ್ರೈವರು ಐದು ನಿಮಿಷ ಬಿಟ್ಟ. ಕೆಳಗೆ ಇಳಿಸಿದಾಗ ಅವಳಿಗೆ ಬೋರ್ಡು ಕೊಟ್ಟೆ. ಚೀಲ ಬಿಚ್ಚಿ ಮೇಲಿನ ಸಾಲನ್ನು ಬೆರಳಿಟ್ಟು ಓದಿದಳು, ಸಾಲೆಯ ಹುಡುಗಿಯ ಹಾಗೆ ದನಿ ತೆಗೆದು. “ಇದನ್ನ ಊರಾಗ ಬಸ್ ತಿರಗತಿತ್ತಲ್ಲ, ಆ ಮಾವಿನ ಗಿಡಕ್ಕ ಕಟ್ಟಸತೇನಿ” ಎಂದಳು. “ದಾರಿ ತಪ್ಪಿ ಒಂದ ದಿನಾ ಬಂದೀತು.”

ಜೂನಿನ ಮೊದಲ ವಾರದ ತನಕ ಪ್ರತಿ ಸೋಮವಾರ ಹೋದೆ. ಇಪ್ಪತ್ತು ನಿಮಿಷ ಕುಳಿತು ಬಂದೆ. ಗಾಡಿಯವರಿಗೆ ನಮ್ಮ ಗುರುತು ಹತ್ತಿತ್ತು. ಮುಂದಿನ ಸೀಟಿನಲ್ಲಿ ಯಾರಾದರೂ ಕುಳಿತರೆ, “ಫಾಟಾ ಬಂತು, ಅಜ್ಜನ ಅಕ್ಕಗ ಜಾಗಾ ಬಿಡ್ರಿ” ಎಂದು ಕಂಡಕ್ಟರೇ ಎಬ್ಬಿಸುತ್ತಿದ್ದ. ಜೂನಿನ ಎರಡನೆಯ ವಾರ ಮಳೆ ಹಿಡಿಯಿತು. ಬಸ್ಸು ಬಂದ್ ಆಯಿತು. ಇನ್ನು ದಸರೆಗೆ.

ಆ ಸೋಮವಾರವೂ ಹತ್ತೂವರೆಗೆ ನಾನು ನನ್ನ ಕಟ್ಟೆಯ ಮೇಲೆ, ಒಂದು ಮಗ್ಗುಲು ಬಿಟ್ಟು ಕುಳಿತಿದ್ದೆ. ಫೋನು ಬಂತು. ಹಲಸಿನ ಎಲೆಗಳ ಮೇಲೆ ಬೀಳುವ ಮಳೆಯ ಸದ್ದು ಮೊದಲು ಕೇಳಿತು, ಆಮೇಲೆ ಅವಳ ದನಿ.

“ತಮ್ಮಾ, ಗಜಾನನ ಈಗ ನೋಡಿ ಬಂದಾನ. ಬೋರ್ಡ ನೆನದೈತಿ. ನೀ ಅಳಿಸಿದ್ದೂ ಕಾಣಾಕತ್ತೈತಂತ.”

“ಪೂರಾ ಕಾಣತೈತೇನ?”

“ಪೂರಾ. ನಾಕ ತಿಂಗಳ ಇನ್ನ ಒಣಗಾಂಗಿಲ್ಲ ಅದು” ಎಂದಳು. “ಊಟ ಮಾಡಿದೇನ?”